ತೆಂಗಿನ ಮರದ ಹಿಂದೆ ಅಡಗಿದ ಮನೆಮಂದಿ

ನಾನು ಚಿಕ್ಕವನಿದ್ದಾಗ ಒಂದು ಬೆಳಗ್ಗೆ ನಮ್ಮ ಮನೆಯವರೆಲ್ಲ ತೋಟಕ್ಕೆ ಹೋಗಿ ತೆಂಗಿನ ಮರಗಳ ಹಿಂದೆ ಅಡಗಿ ನಿಂತಿದ್ದರು. ನಗಬೇಡಿ ಮಕ್ಕಳೇ, ನಿಜವಾಗಿ ನಡೆದದ್ದು. ಹುಣಸೆ ಮರದ ಹಿಂದಾದರೆ ಒಂದು ಎಮ್ಮೆಯನ್ನೇ ಅಡಗಿಸಬಹುದು. ತೆಂಗಿನ ಮರದ ಹಿಂದೆ ನಿಂತರೆ ಮೂಗು ಮಾತ್ರ ಮರೆಯಾಗುತ್ತದೆ. ಹುಟ್ಟಿದಂದಿನಿಂದ ತೆಂಗಿನ ನಡುವೆಯೇ ಬೆಳೆದವರಿಗೆ ಅಂದು ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ.

ಅದಕ್ಕೆಲ್ಲ ಕಾರಣ ಅಕ್ಕ. ಹೊನ್ನವಳ್ಳಿಯ ನಮ್ಮ ಮನೆಯಲ್ಲಿ ಕಾಯಿಗಳನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗುವ ತನಕ ಸುಮಾರು ಒಂದು ವರ್ಷ ಬಿಡುತ್ತಿದ್ದೆವು. ಆ ಅಟ್ಟ ಹತ್ತುವಾಗ ಏಣಿ ಜಾರಿ, ಅಕ್ಕನ ತಲೆ ಕೆಳಗಿನ ಚಪ್ಪಡಿ ಕಲ್ಲಿಗೆ ಬಡಿಯಿತು. ಅವಳಿಗೆ ಆಗ ಹದಿನಾಲ್ಕು ವರ್ಷ, ನನಗೆ ಎಂಟು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಅವಳು ಕಣ್ಣು ತೆರೆಯಲಿಲ್ಲ. ತೆರೆದ ಮೇಲೆ ಬಲಗಾಲು ಬಲಗೈ ಎರಡೂ ಅವಳ ಮಾತು ಕೇಳುತ್ತಿರಲಿಲ್ಲ. ಮಾತೂ ತಡವಾಗಿ ಬರುತ್ತಿತ್ತು, ನಮ್ಮ ಬೀದಿಯ ಬೋರಿಂಗನ್ನು ನಾಲ್ಕಾರು ಸಲ ಒತ್ತಿದ ಮೇಲೆ ನೀರು ಬಂದ ಹಾಗೆ. "ಮಿದುಳಿಗೆ ಪೆಟ್ಟಾಗಿದೆ, ನಿಧಾನವಾಗಿ ಸುಧಾರಿಸುತ್ತೆ. ಅವಳ ಕೆಲಸ ಅವಳೇ ಮಾಡ್ಲಿ, ನೀವು ಕಾಯ್ತಾ ಇರಿ" ಎಂದು ಡಾಕ್ಟರು ಹೇಳಿ ಕಳುಹಿಸಿದರು.

ಕೊಬ್ಬರಿಗೆ ವರ್ಷವಿಡೀ ಕಾಯುತ್ತಿದ್ದ ನಮ್ಮ ಅಜ್ಜಿಗೆ ಅಕ್ಕನ ಒಂದು ಮಾತಿಗೆ ಅರೆಗಳಿಗೆ ಕಾಯಲು ಆಗುತ್ತಿರಲಿಲ್ಲ. ಅಕ್ಕ "ನಂಗೆ..." ಎಂದರೆ ಸಾಕು, "ನೀರಾ? ಮುದ್ದೆನಾ? ಕಂಬ್ಳಿನಾ?" ಎಂದು ಮೂರನ್ನೂ ತಂದು ಎದುರಿಗಿಡುತ್ತಿದ್ದರು. ಅಕ್ಕನಿಗೆ ಬೇಕಾಗಿದ್ದದ್ದು ಬಾಚಣಿಗೆ. ಪಾಪ, ನೀರು ಕುಡಿದು ಸುಮ್ಮನಾಗುತ್ತಿದ್ದಳು.

ಹೀಗೆ ಮೂರು ತಿಂಗಳು ಕಳೆಯಿತು. ಸೋಮವಾರ ಸ್ಕೂಲು ತೆರೆಯುವುದಿತ್ತು, ಹೋಗಲೇಬೇಕೆಂದು ಅಕ್ಕನ ಹಟ. "ಈ ವರ್ಸ ಬ್ಯಾಡ ಕಣೇ, ದಾರೀಲಿ ಬಿದ್ರೆ ಏನೇ ಗತಿ?" ಎಂದು ಅಮ್ಮನ ಅಳು. ನಡುವೆ ಸಿಕ್ಕಿಕೊಂಡ ಅಪ್ಪ ಒಂದು ಪಂಥ ಕಟ್ಟಿದರು. "ತೋಟದ ಕೊನೇಲಿರೋ ಪಂಪ್‌ಹೌಸ್ ಗಂಟ ಒಬ್ಳೇ ನಡ್ಕಂಡು ಹೋಗಿ ನನ್ ಟವಲ್ ತಗಂಬಾ. ಯಾರೂ ಕೈ ಹಿಡಿಯಂಗಿಲ್ಲ. ತಂದ್ರೆ ಸ್ಕೂಲು, ಇಲ್ದಿದ್ರೆ ಮುಂದಿನ ವರ್ಸ ನೋಡನ."

ಅಕ್ಕ ಹೊರಡುವ ಮೊದಲೇ ಎಲ್ಲರೂ ಒಬ್ಬರಿಗೊಬ್ಬರು ಹೇಳದೆ ತೋಟ ಸೇರಿದ್ದರು. ಮರಕ್ಕೊಬ್ಬರು! ಅಮ್ಮ ಕಾಣಲಿಲ್ಲ, ಅವರ ಹಸಿರು ಸೀರೆ ಮಾತ್ರ ಎರಡೂ ಕಡೆ ಕಂಡಿತು. ನಾನು ಮುದುರಿ ಕೂತು ಚೆನ್ನಾಗಿಯೇ ಅಡಗಿದ್ದೆ, ಆದರೆ ನಮ್ಮ ನಾಯಿ ಬಂದು ಪಕ್ಕದಲ್ಲಿ ಕೂತು ಬಾಲ ಆಡಿಸಿತು. ಮಜ್ಜಿಗೆಯ ಚೊಂಬು ಹಿಡಿದ ಅಜ್ಜಿ, ತಾನು ನೋಡದಿದ್ದರೆ ಯಾರಿಗೂ ಕಾಣುವುದಿಲ್ಲವೆಂದು ಕಣ್ಣು ಮುಚ್ಚಿಕೊಂಡಿದ್ದರು. ಅಕ್ಕ ಕಾಲೆಳೆಯುತ್ತ ಬಂದವಳು ಅಲ್ಲಿ ನಿಂತಳು, ಅಜ್ಜಿಯನ್ನು ದಿಟ್ಟಿಸಿ ನೋಡಿದಳು, ಕೈ ಚಾಚಿದಳು.

"ಮಜ್ಗೆ" ಎಂದಳು. ಕುಡಿದು, ಚೊಂಬು ವಾಪಸು ಕೊಟ್ಟು, ಮುಂದೆ ನಡೆದಳು.

ಅಪ್ಪ ಮಾತ್ರ ಅವಳಿಗಿಂತ ಮುಂದೆ, ಮರದಿಂದ ಮರಕ್ಕೆ ಹಿಂದಡಿ ಇಡುತ್ತ ಸರಿಯುತ್ತಿದ್ದರು. ಕಣ್ಣೆಲ್ಲ ಅಕ್ಕನ ಬಲಗಾಲಿನ ಮೇಲೆ. ಮರಗಳ ಬುಡದ ಪಾತಿಗಳಿಗೆ ಬೆಳಗ್ಗೆ ತಾವೇ ನೀರು ಬಿಟ್ಟಿದ್ದನ್ನು ಮರೆತುಬಿಟ್ಟಿದ್ದರು. ಪಾತಿಯೊಳಕ್ಕೆ ಕಾಲಿಟ್ಟವರೇ ಧೊಪ್ಪೆಂದು ಅಂಗಾತ ಕೆಸರಿಗೆ ಬಿದ್ದರು. ಅಮ್ಮ ಕಿರುಚಿ ಓಡಲು ಹೊರಟರೆ, ಅಪ್ಪ ಬಿದ್ದಲ್ಲಿಂದಲೇ ಕೈಯೆತ್ತಿ ತಡೆದರು.

ಅಕ್ಕ ದಾರಿ ಬಿಟ್ಟು ಪಾತಿಯ ಕಡೆ ತಿರುಗಿದ್ದಳು. ಅದರ ಸುತ್ತಲಿನ ಮಣ್ಣಿನ ಏರಿಯ ಮೇಲೆ ಬಲಗಾಲನ್ನು ಕಷ್ಟಪಟ್ಟು ಎತ್ತಿಟ್ಟಳು. ಬಲಗೈ ಚಾಚಿ ಬಾಯಿ ತೆರೆದಳು. ಮಾತು ಬರಲಿಲ್ಲ. ಅಜ್ಜಿಯ ತುಟಿ ಅಲುಗಿತು, ಅಜ್ಜಿ ತಮ್ಮ ಬಾಯನ್ನು ತಾವೇ ಗಟ್ಟಿಯಾಗಿ ಮುಚ್ಚಿಕೊಂಡರು. ಹಸಿಮಣ್ಣಿನ ವಾಸನೆ, ಕಾಲುವೆಯ ನೀರಿನ ಸದ್ದು ಇನ್ನೂ ನೆನಪಿದೆ.

"ಅಪ್ಪಾ... ನೋಡ್ಕಂಡು... ನಡೀಬಾರ್ದಾ?"

ಮೂರು ತಿಂಗಳಿಂದ ಇಡೀ ಮನೆ ಅವಳಿಗೆ ದಿನಕ್ಕೆ ನೂರು ಸಲ ಹೇಳುತ್ತಿದ್ದ ಮಾತು ಅದು! ಅಪ್ಪ ಕೆಸರಿನಲ್ಲಿ ಕೂತು ನಕ್ಕರು, ನಗುತ್ತಲೇ ಅತ್ತರು. ಅವರು ಎದ್ದದ್ದು ತಮ್ಮ ಬಲದಿಂದಲೇ, ಆದರೆ ಮಗಳೇ ಎಳೆದು ನಿಲ್ಲಿಸಿದಳೆಂದು ಸಾಯುವ ತನಕ ಊರಿಗೆಲ್ಲ ಹೇಳಿಕೊಂಡು ಬಂದರು. ಅಕ್ಕ ಅಲ್ಲಿಂದ ಪಂಪ್‌ಹೌಸಿಗೆ ಹೋಗಿ ಟವಲ್ ತಂದಳು. ಈಗ ಅದು ನಿಜವಾಗಿಯೂ ಬೇಕಾಗಿತ್ತು. ಸೋಮವಾರ ಅವಳು ಸ್ಕೂಲಿಗೆ ಹೋದಳು, ಅಮ್ಮ ಗೇಟಿನ ತನಕ ಹಿಂದೆಯೇ ಹೋದರು.

ಈಗ ನಿಮ್ಮ ಕಾಲದಲ್ಲಿ ಇಂಥ ಮಕ್ಕಳಿಗೆ ನಡಿಗೆ ಕಲಿಸುವವರಿದ್ದಾರೆ, ಮಾತು ಕಲಿಸುವವರಿದ್ದಾರೆ. ಬಹಳ ಒಳ್ಳೆಯದು. ನಮ್ಮಲ್ಲಿ ಇದ್ದದ್ದು ಮರಕ್ಕೊಬ್ಬರು ಅಷ್ಟೇ. ಆ ಅಕ್ಕನೇ ಮಾಯಸಂದ್ರದ ನಿಮ್ಮ ದೊಡ್ಡಜ್ಜಿ. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅವಳು ಮಾತಿನ ನಡುವೆ ನಿಂತಾಗ, "ನೆಟ್‌ವರ್ಕ್ ಹೋಯ್ತು, ದೊಡ್ಡಜ್ಜಿ ಸ್ಟಕ್ ಆಗ್ಬುಟ್ರು" ಎಂದು ನೀವು ಕಟ್ ಮಾಡಿದಿರಲ್ಲ, ನೆಟ್‌ವರ್ಕ್ ಚೆನ್ನಾಗಿಯೇ ಇತ್ತು. ಅವಳು ಒಂದು ಮಾತು ಹುಡುಕುತ್ತಿದ್ದಳು. ಏನು ಹೇಳಲು ಹೊರಟಿದ್ದೆ ಎಂದು ಆಮೇಲೆ ಕೇಳಿದರೆ ನನಗೂ ಹೇಳಲಿಲ್ಲ. "ಅದು... ಮಕ್ಳಿಗೆ ಹೇಳಾದು ಕಣ್ಲಾ" ಎಂದಳು.

ಹೋಗಿ, ಫೋನ್ ತನ್ನಿ.