ಎಕ್ಸ್‌ಚೇಂಜಿನ ದುರಗವ್ವ

ದುರಗವ್ವ ಹುಟ್ಟಿದ್ದು ಕುಬಿಹಾಳದಲ್ಲಿ, ಹತ್ತಿ ಬಿಡಿಸುವ ಕೂಲಿಯವರ ಮನೆಯಲ್ಲಿ. ಅವರ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದ ಮೊದಲ ಹುಡುಗಿ ಅವಳೇ. ಇಪ್ಪತ್ತನೆಯ ವಯಸ್ಸಿಗೆ ಅಣ್ಣಿಗೇರಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ಈಗ ಅರವತ್ತೇಳು. ಅದೇ ಊರಲ್ಲಿ, ಹೈಸ್ಕೂಲಿಗೆ ವಿಜ್ಞಾನ ಕಲಿಸುವ ಮಗಳು ಮಲ್ಲಿಕಾಳ ಜೊತೆ ಇದ್ದಾಳೆ.

ಮಲ್ಲಿಕಾಗೆ ರೊಟ್ಟಿ ಬಡಿಯುತ್ತ ಪಾಡ್‌ಕಾಸ್ಟ್ ಕೇಳುವ ರೂಢಿ. ಹುಬ್ಬಳ್ಳಿಯ ಶೈಲಾ ಎಂಬ ಹುಡುಗಿ ವಾರಕ್ಕೊಮ್ಮೆ ಅದನ್ನು ನಡೆಸುತ್ತಾಳೆ. ಮೊದಲು ಆ ವಾರದ ತಂತ್ರಜ್ಞಾನದ ಸುದ್ದಿ, ಕೊನೆಗೆ ಇತಿಹಾಸದ ಒಂದು ದಿನ. ೨೦೨೬ರ ಮಾರ್ಚ್ ಮೊದಲ ವಾರ ಅವಳು, ಬರುವ ಹತ್ತನೇ ತಾರೀಖಿಗೆ ಟೆಲಿಫೋನಿನ ಮೊದಲ ಮಾತಿಗೆ ನೂರೈವತ್ತು ವರ್ಷ ತುಂಬುತ್ತದೆ, ವಿಶೇಷ ಸಂಚಿಕೆ ಬರುತ್ತದೆ ಎಂದು ಹೇಳಿ, ಹಳೆಯ ಕಾಲದ ಆಪರೇಟರ್ ಹೇಗೆ ಮಾತಾಡುತ್ತಿದ್ದಳೆಂದು ಯಂತ್ರದಿಂದ ಮಾಡಿಸಿದ ಒಂದು ಧ್ವನಿ ಕೇಳಿಸಿದಳು. “ದಯವಿಟ್ಟು ನಿರೀಕ್ಷಿಸಿ, ನಿಮ್ಮ ಕರೆಯನ್ನು ಜೋಡಿಸಲಾಗುತ್ತಿದೆ” ಎಂದಿತು ಅದು.

ಬಾಗಿಲಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದ ದುರಗವ್ವ ಜೋರಾಗಿ ನಕ್ಕಳು.

“ಹಿಂಗ ಅಂದಿದ್ರ ನಮ್ಮ ಹತ್ತಿ ಮೆಣಸಿನಕಾಯಿ ಅಡತಿ ಅಂಗಡಿಯವ್ರು ಫೋನ್ ಇಟ್ಟು ಸೀದಾ ಗದಗಿಗೇ ನಡದ ಹೋಗತಿದ್ರು. ನಾವು ‘ತಡೀರಿ, ಲೈನ್ ಕೊಡ್ತೀನಿ’ ಅಂತಿದ್ವಿ. ಅಷ್ಟ.”

ಮಲ್ಲಿಕಾ ಆ ಮಾತನ್ನು ಹಾಗೇ ಶೈಲಾಳಿಗೆ ಬರೆದು ಕಳಿಸಿದಳು. ಎರಡನೇ ದಿನಕ್ಕೆ ಶೈಲಾ ಮೈಕು ಹಿಡಿದು ಮನೆಗೇ ಬಂದಳು.

ದುರಗವ್ವ ಮೊದಲು ಸಂಕೋಚಪಟ್ಟಳು. ಆಮೇಲೆ ಎದುರಿನ ಗೋಡೆಯನ್ನೇ ಬೋರ್ಡು ಮಾಡಿಕೊಂಡು, ಯಾವ ತೂತಿಗೆ ಯಾವ ವೈರು ಚುಚ್ಚುತ್ತಿದ್ದಳೆಂದು ಕೈಯಾಡಿಸಿ ತೋರಿಸತೊಡಗಿದಳು. ದೂರದೂರಿನ ಟ್ರಂಕ್ ಕಾಲಿಗೆ ಬೆಳಿಗ್ಗೆ ಹೆಸರು ಬರೆಸಿದವರಿಗೆ ಸಂಜೆ ಮುಂಬಯಿ ಸಿಗುತ್ತಿತ್ತು. ಮೂರು ಮಿನಿಟಾದರೆ ನಡುವೆ ಬಾಯಿ ಹಾಕಿ ಹೊತ್ತು ಮುಗಿಯಿತೆಂದು ಹೇಳಬೇಕಾಗುತ್ತಿತ್ತು.

“ಆ ಕೆಲಸ ನಿಮಗ ಯಾರು ಕಲಿಸಿದ್ರು ಅಮ್ಮಾರ?” ಎಂದು ಶೈಲಾ ಕೇಳಿದಳು.

ದುರಗವ್ವ ಗೋಡೆಯತ್ತ ಚಾಚಿದ್ದ ಕೈ ಇಳಿಸಿದಳು. “ಖಾದರಬಿ ಅಂತ ಇದ್ರು. ನನಗಿಂತ ಹದಿನೈದು ವರ್ಷ ದೊಡ್ಡಾಕಿ. ಕೆಲಸ ಕಲಿಸಿದ್ದಲ್ಲದ, ಕೆಲಸ ಉಳಿಸಿದಾಕಿನೂ ಆಕಿನ” ಎಂದು ಹೇಳತೊಡಗಿದಳು.

ಅದು ಅವಳು ಸೇರಿದ ಎರಡನೇ ತಿಂಗಳು. ಒಬ್ಬ ಮೆಣಸಿನಕಾಯಿ ವ್ಯಾಪಾರಿಗೆ ದಿನವಿಡೀ ಕಾದ ಮೇಲೆ ಮುಂಬಯಿ ಸಿಕ್ಕಿತ್ತು. ಬಾಜು ಇದ್ದ ವೈರು ಕೀಳಲು ಹೋಗಿ ದುರಗವ್ವ ಅವನದನ್ನೇ ಕಿತ್ತಳು. ಮತ್ತೆ ಜೋಡಿಸುವಷ್ಟರಲ್ಲಿ ಮುಂಬಯಿ ಹೋಗಿಬಿಟ್ಟಿತ್ತು. ಹತ್ತು ಮಿನಿಟಿಗೆ ಆತ ಎಕ್ಸ್‌ಚೇಂಜಿಗೇ ನುಗ್ಗಿ ಬಂದ. “ಯಾರು ಕಿತ್ತಾವ್ರು? ಆ ಹೊಸಾಕೀನ ಹೌದಲ್ಲ? ಎಲ್ಲಿಂದೋ ತಂದು ಕೂಡಸ್ತೀರಿ ಇಂಥಾವ್ರನ್ನ!” ಇಂಥಾವರು ಅಂದರೆ ಯಾರೆಂದು ಆ ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ದುರಗವ್ವನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ.

ಖಾದರಬಿ ಕುರ್ಚಿ ಸರಿಸಿ ಎದ್ದು ನಿಂತಳು. “ಕಿತ್ತಾಕಿ ನಾನ್ರೀ. ಏನ್ ಬರಕೊಡ್ತೀರಿ, ನನ್ನ ಹೆಸರಿಲೆ ಬರಕೊಡ್ರಿ” ಎಂದಳು.

ಆತ ದೂರು ಬರೆದುಕೊಟ್ಟ. ಖಾದರಬಿಗೆ ಮೆಮೋ ಬಂತು. ಅವಳು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ದುರಗವ್ವನ ಬೆರಳು ಹಿಡಿದು ಬೋರ್ಡಿನ ಮುಂದೆ ಕೂರಿಸಿದಳು. “ಕಣ್ಣೀಲೆ ನೋಡಿ ಕೀಳಬ್ಯಾಡ. ವೈರು ಹಿಡದು, ತೂತಿನ ತನಕ ಬೆರಳ ಆಡಿಸಿ, ಆಮ್ಯಾಲ ಕೀಳು.” ಮರುವರ್ಷ ಅವಳಿಗೆ ದೂರದೂರಿಗೆ ವರ್ಗವಾಯಿತು. ಒಂದೆರಡು ಪತ್ರ ಬಂದವು. ನಿಂತವು.

“ಆವತ್ತ ನಾ ಏನೂ ಅನ್ನಲಿಲ್ಲವಾ. ಬಾಯಿನ ಬರಲಿಲ್ಲ” ಎಂದು ದುರಗವ್ವ ಮೈಕಿನತ್ತ ನೋಡದೆ ಹೇಳಿದಳು.

ಮಾರ್ಚ್ ಹತ್ತು, ಮಂಗಳವಾರ, ಸಂಚಿಕೆ ಬಂತು. ಸುದ್ದಿ ಭಾಗದಲ್ಲಿ ಶೈಲಾ, ಗೊತ್ತಿದ್ದವರ ಧ್ವನಿಯನ್ನೇ ಯಂತ್ರದಲ್ಲಿ ಹುಟ್ಟಿಸಿ ಫೋನ್ ಮಾಡಿ ಮೋಸಗೊಳಿಸುವವರ ಬಗ್ಗೆ ಎಚ್ಚರಿಸಿದ್ದಳು. ಆಮೇಲೆ, ನೂರೈವತ್ತು ವರ್ಷದ ಹಿಂದೆ ಒಬ್ಬಾತ ಪಕ್ಕದ ಕೋಣೆಯಲ್ಲಿದ್ದ ಸಹಾಯಕನನ್ನು ‘ಇಲ್ಲಿ ಬಾ’ ಎಂದು ತಂತಿಯ ಮೇಲೆ ಕರೆದ ಕತೆ. ಅದರ ಬೆನ್ನಿಗೇ ದುರಗವ್ವನ ದನಿ.

ಗುರುವಾರ ಮಲ್ಲಿಕಾಳ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. “ನಾ ಸಾಧಿಕ್ ಅಂತ್ರಿ. ನವಲಗುಂದದಾಗ ಮೊಬೈಲ್ ರಿಪೇರಿ ಅಂಗಡಿ ಐತಿ. ನಿಮ್ಮ ನಂಬರ್ ಶೈಲಾ ಅವ್ರ ಕಡಿಂದ ಇಸಗೊಂಡೆ. ನಿಮ್ಮ ಅವ್ವಾರು ಹೇಳಿದ ಖಾದರಬಿ ನಮ್ಮ ತಾಯಿನ್ರಿ.”

ಮಲ್ಲಿಕಾ ಫೋನು ಮುಚ್ಚಿ ಹಿಡಿದು ಪಿಸುಗುಟ್ಟಿದಳು, “ಯವ್ವಾ, ಮನ್ನಿನ ಕೇಳೀವಿ, ಹಿಂಗ ಮೋಸ ಮಾಡ್ತಾರಂತ.”

“ನಮ್ಮ ಬೋರ್ಡಿನ್ಯಾಗ ಯಾವ ಲೈನ್ ಸತ್ತಿತ್ತು, ಕೇಳು” ಎಂದಳು ದುರಗವ್ವ.

ಆ ಕಡೆ ಸಾಧಿಕ್ ಯಾರಿಗೋ ಕಿವಿಯ ಹತ್ತಿರ ಕೂಗಿ ಕೇಳಿದ್ದು, ಒಬ್ಬ ಮುದುಕಿ ಬೈಯುತ್ತ ಉತ್ತರ ಕೊಟ್ಟದ್ದು ಕೇಳಿಸಿತು. “ಮೂವತ್ತೇಳಂತ್ರಿ. ಎಷ್ಟ ರಿಪೇರಿ ಮಾಡಿದ್ರೂ ಹತ್ತತಿರಲಿಲ್ಲಂತ.”

ದುರಗವ್ವ ಕೂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಭಾನುವಾರ ತಾಯಿ ಮಗಳು ನವಲಗುಂದಕ್ಕೆ ಹೋದರು. ರಂಜಾನ್ ತಿಂಗಳು, ಸಾಧಿಕನ ಮನೆಯಲ್ಲಿ ಎಲ್ಲರಿಗೂ ಉಪವಾಸ. ಎಂಬತ್ತೆರಡರ ಖಾದರಬಿಗೆ ಮಾತ್ರ ಡಾಕ್ಟರು ಬೇಡ ಎಂದಿದ್ದರು. ಅವಳು ಮಂಚದ ಮೇಲೆ ಕುಳಿತು ದುರಗವ್ವನ ಮುಖ ನೋಡಲಿಲ್ಲ. ಬೆರಳುಗಳನ್ನು ಹಿಡಿದು ಒತ್ತಿ ನೋಡಿದಳು.

“ಅಕ್ಕಾರ, ಆ ಮೆಮೋ ನಂದು. ನೀವು ತಗೊಂಡ್ರಿ. ನಿಮ್ಮಿಂದ ನಾ ಮೂವತ್ತೆಂಟು ವರ್ಷ ನೌಕರಿ ಮಾಡಿದೆ. ಈಕಿನ್ನ ಓದಿಸಿದೆ” ಎಂದು ದುರಗವ್ವ ಕಿವಿಯ ಹತ್ತಿರ ಬಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ಯಾವ ಮೆಮೋ ಲೇ? ಅಂಥಾವು ಏಸೋ ಬಂದಾವು ನನಗ. ನೆನಪಿಲ್ಲ” ಎಂದಳು ಖಾದರಬಿ. ಆಮೇಲೆ ಮಗನ ಕಡೆ ತಿರುಗಿದಳು. “ನನಗ ನೆನಪಿರೂದ ಬ್ಯಾರೆ. ರಂಜಾನಿನ್ಯಾಗ ನನ್ನ ಸಂಜಿ ಡ್ಯೂಟಿ ಪೂರಾ ತಿಂಗಳು ಈಕಿ ಮಾಡಿದ್ಲು. ನಾ ಕೇಳಿದ್ದಿಲ್ಲ. ನೀ ಆಗ ತೊಡಿಮ್ಯಾಲಿನ ಕೂಸು. ದಿನಾ ನಿನ್ನ ಎತಗೊಂಡು ಮನ್ಯಾಗ ರೋಜಾ ಉಪವಾಸ ಬಿಡತಿದ್ದೆ. ಆ ಸುಖ ಈಕಿ ಕೊಟ್ಟಿದ್ದು.”

ದುರಗವ್ವನಿಗೆ ಅದು ಚೂರೂ ನೆನಪಿರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಐದರ ಬಸ್ಸಿಗೆ ಹೊರಡಬೇಕಾದವರು ಹೊರಡಲಿಲ್ಲ. ಸಂಜೆ ಮಸೀದಿಯಲ್ಲಿ ಬಾಂಗು ಕೂಗಿದಾಗ ಖಾದರಬಿ ತಟ್ಟೆಯಿಂದ ಮೊದಲ ಖರ್ಜೂರ ತೆಗೆದು ದುರಗವ್ವನ ಕೈಗಿಟ್ಟಳು. ಊಟವಾದ ಮೇಲೆ ಸಾಧಿಕ್ ಇಬ್ಬರ ನಂಬರನ್ನೂ ದೊಡ್ಡ ಅಕ್ಷರದಲ್ಲಿ ಬರೆದುಕೊಡಲು ಕೂತ.

“ಫೋನಿನ್ಯಾಗ ಅಕ್ಕಾರಿಗೆ ಕೇಳಸೂದಿಲ್ಲಪ್ಪ. ನಾನ ಬರ್ತೀನಿ” ಎಂದಳು ದುರಗವ್ವ.

ರಂಜಾನ್ ಹಬ್ಬದ ದಿನ ಬೆಳಿಗ್ಗೆ ಮಲ್ಲಿಕಾ ಏಳುವಷ್ಟರಲ್ಲಿ ಅವಳು ಸೀರೆ ಉಟ್ಟು, ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು, ನವಲಗುಂದದ ಬಸ್ಸಿಗೆ ತಯಾರಾಗಿ ನಿಂತಿದ್ದಳು.