ನನ್ನ ಪಾಲಿನ ಹಂದಿ

ಕೊರೊನಾ ಕಾಲದ ಆನ್‌ಲೈನ್ ಮೀಟಿಂಗುಗಳಲ್ಲೇ ಹೈರಾಣಾಗಿದ್ದೆ. ಅಷ್ಟು ಸಾಲದೆಂಬಂತೆ ಜಪಾನಿನ ಕಾವಾಸಾಕಿ ಊರಿನ ನಮ್ಮ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಕಾಡುಹಂದಿ ಬೇಟೆಗೂ ಮೀಟಿಂಗ್ ಕರೆದರು. ಯಾರು ಎಲ್ಲಿ ಕಾಯಬೇಕು, ಮಾಂಸ ಹೇಗೆ ತಣ್ಣಗಿಡಬೇಕು, ಎಲ್ಲಕ್ಕೂ ಸ್ಲೈಡು. ನಾನು ಹುಟ್ಟು ಸಸ್ಯಾಹಾರಿ. ಆದರೂ ಕಾರಿದೆ ಎಂಬ ಕಾರಣಕ್ಕೆ ಐಸ್ ತರುವ ಕೆಲಸ ನನಗೇ ಬಿತ್ತು. ಆಗುವುದಿಲ್ಲ ಎನ್ನಲು ತ್ರಾಣವಿರಲಿಲ್ಲ.

ನವೆಂಬರ್ ಆದರೂ ಅಂದು ಬಿಸಿಲು ಚುರುಗುಟ್ಟುತ್ತಿತ್ತು. ಮಧ್ಯಾಹ್ನ ಹಂದಿಯನ್ನು ಹೊಡೆದರು. ಮಾಂಸ ಕೆಡದಿರಲೆಂದು ನಾನು ಕೊಂಬಿನಿ ಎಂಬ ಇಲ್ಲಿನ ದಿನಸಿ ಅಂಗಡಿಗಳನ್ನು ಒಂದೊಂದಾಗಿ ಅಲೆದು ಐಸ್ ತಂದು ಸುರಿದೆ. ಕೊನೆಗೆ, ಬಂದಿದ್ದ ಎಲ್ಲರಿಗೂ ಸಮಪಾಲು. ನನ್ನ ಪೊಟ್ಟಣವನ್ನೂ ತಲೆಬಾಗಿ ತೆಗೆದುಕೊಂಡೆ.

"ರೀ, ಅದನ್ನ ದೋಸೆ ಹಿಟ್ಟಿನ ಪಕ್ಕ ಇಟ್ರೆ ಫ್ರಿಜ್ಜನ್ನೇ ಆಚೆ ಹಾಕ್ತೀನಿ, ನೋಡಿ," ಎಂದಳು ಹೆಂಡತಿ, ಮನೆ ಬಾಗಿಲಲ್ಲೇ. ಹಾಗೇ ತಿರುಗಿ, ಪಕ್ಕದ ಮನೆಯ ಜಪಾನಿ ಅಜ್ಜಿಗೆ ಕೊಟ್ಟು ಬಂದೆ. ಪೀಡೆ ತೊಲಗಿತು ಎಂದುಕೊಂಡೆ.

ಇಲ್ಲಿ ಯಾರೂ ಕೊಟ್ಟದ್ದನ್ನು ಸುಮ್ಮನೆ ಇಟ್ಟುಕೊಳ್ಳುವುದಿಲ್ಲ ಎಂಬುದು ಮರೆತಿತ್ತು. ಮರುದಿನ ಸಂಜೆ ಬೆಲ್ ಆಯಿತು. ಮಾಸ್ಕ್ ಹಾಕಿದ ಅಜ್ಜಿ, ಎರಡೂ ಕೈಯಲ್ಲಿ ಹಬೆಯಾಡುವ ಪಾತ್ರೆ.

"ನಿನ್ನೆ ನೀವು ತುಂಬಾ ದಣಿದ ಹಾಗೆ ಕಂಡ್ರಿ," ಎಂದರು ಅವರು ಜಪಾನಿಯಲ್ಲಿ. "ಬಿಸಿ ಇರುವಾಗಲೇ ತಿನ್ನಿ."

"ಅರಿಗಾತೋ," ಎಂದು ಥ್ಯಾಂಕ್ಸ್ ಹೇಳಿದೆ. ನನ್ನ ಪಾಲು ಬೆಂದು ವಾಪಸ್ ಬಂದಿತ್ತು.