ಒಂಬತ್ತನೆಯ ಹೆಸರು

ಏಪ್ರಿಲ್ 19, 2009, ಭಾನುವಾರ. ಬೆಳಿಗ್ಗೆ 7.10ಕ್ಕೆ ಬರೆಯಲು ಕೂತೆ.

ಹಾಲು ತರಲು ಹೋದಾಗ ರಸ್ತೆ ತುಂಬ ಹೊಂಗೆ ಹೂ ಉದುರಿತ್ತು. ಆ ವಾಸನೆಗೆ ಮಹಡಿ ಮನೆಯ ಆಂಟಿ ನೆನಪಾದರು...

ಬಸವನಗುಡಿಯ ನಮ್ಮ ಮನೆಗೆ ಅವರು ಬಾಡಿಗೆಗೆ ಬಂದದ್ದು 1998ರಲ್ಲಿ. ಗಂಡ ಇಲ್ಲಿಯವರೇ, ರಷ್ಯಾದಲ್ಲಿ ಓದಿದವರು. ಆಂಟಿ ಅಲ್ಲಿನ ಮಾರಿ ಜನಾಂಗದ ಪೂರ್ವದ ಕವಲಿನವರು. ಅವರ ಕಡೆ ದೇವರಿಗೆ ಗುಡಿಯಿಲ್ಲ. ತೋಪಿನ ಮರದಡಿಯೇ ಪ್ರಾರ್ಥನೆ.

"ಮಾರಿ ಅಂದ್ರೆ ನಮ್ಮ ಮಾರಮ್ಮನ ಕಡೆಯವ್ರೇನಮ್ಮಾ?" ಎಂದಿದ್ದರು ನನ್ನ ಅಜ್ಜಿ.

ಪ್ರಾರ್ಥನೆಗೆ ಆಂಟಿ ನಮ್ಮ ಅಂಗಳದ ಹೊಂಗೆಯನ್ನೇ ಆರಿಸಿಕೊಂಡರು. ಅವರೂರಿನ ದೇವರ ಮರಕ್ಕೂ ಹೂ ಬಿಟ್ಟಾಗ ಹೀಗೇ ಜೇನ್ನೊಣ ಮುತ್ತುತ್ತವಂತೆ. ಬೀದಿಯ ಕೊನೆಯ ಅಶ್ವತ್ಥಕಟ್ಟೆ ಬೇಡವೆಂದರು: "ಅಲ್ಲಿ ಆಗ್ಲೇ ಬೇರೆ ದೇವ್ರಿದಾರೆ."

ಮರುವರ್ಷ ಹೆಣ್ಣು ಮಗು ಹುಟ್ಟಿತು. ಅವರ ಹಳೆಯ ಪದ್ಧತಿಯಲ್ಲಿ, ಅಳುವ ಮಗುವನ್ನು ಪೂಜಾರಿ ತೂಗುತ್ತ ಒಂದೊಂದೇ ಹೆಸರು ಹೇಳುತ್ತಾನೆ. ಯಾವ ಹೆಸರಿಗೆ ಅಳು ನಿಲ್ಲುತ್ತದೋ ಅದೇ ಮಗುವಿನ ಹೆಸರು. ಇಲ್ಲಿ ಪೂಜಾರಿಯಿಲ್ಲದೆ ಹಿರಿಯರೆಂದು ಅಜ್ಜಿಯನ್ನೇ ಕೇಳಿಕೊಂಡರು. ಲೆಕ್ಕ ಬರೆಯುವ ಹುಚ್ಚಿನ ನನಗೆ ಪಟ್ಟಿಯ ಕೆಲಸ. ಆಂಟಿ ಹದಿನಾಲ್ಕು ಹೆಸರು ಬರೆಸಿದರು. ಒಂಬತ್ತನೆಯದಕ್ಕೆ ದನಿ ಸಣ್ಣಗಾಯಿತು.

"ಐವಿಕಾ... ನಮ್ಮಮ್ಮನ ಹೆಸರು. ತೀರಿಕೊಂಡಾಗ ನಾನು ಹೋಗಕ್ಕಾಗ್ಲಿಲ್ಲ."

"ಅದನ್ನೇ ಇಟ್ಬಿಡೇ!" ಎಂದರು ಅಜ್ಜಿ.

"ಇಡೋ ಹಾಗಿಲ್ಲ ಅಜ್ಜಿ. ಮಗೂನೇ ಒಪ್ಬೇಕು."

ಆ ಬೆಳಿಗ್ಗೆ ಆಂಟಿ ಕಸೂತಿಯ ಬಿಳಿ ಉಡುಪು ತೊಟ್ಟು, ಮರದಡಿ ಮೇಣದಬತ್ತಿ ಹಚ್ಚಿ, ದೋಸೆಯಂಥ ಮೂರು ಪದರದ ರೊಟ್ಟಿ ಇಟ್ಟು, ಕಣ್ಣು ಮುಚ್ಚಿ ನಿಂತರು. ನಾನು ಒಂದೊಂದೇ ಹೆಸರು ಓದಿದೆ, ಅಜ್ಜಿ ಮಗುವನ್ನು ತೂಗುತ್ತ ಅದನ್ನೇ ಹೇಳಿದರು, ಮಗು ಬೀದಿಗೆಲ್ಲ ಕೇಳುವಂತೆ ಕಿರುಚಿತು. ಏಳನೆಯದಕ್ಕೆ ಒಂದು ಕ್ಷಣ ಸುಮ್ಮನಾಯಿತು.

"ನಿಲ್ತು!" ಎಂದೆ.

"ಉಸಿರು ತಗೊಳ್ತು ಕಣೇ. ಮುಂದೆ ಓದು."

ಒಂಬತ್ತನೆಯದಕ್ಕೆ ಅಜ್ಜಿಯ ಕಿರುಬೆರಳು ಸೆರಗಿನೊಳಗಿನ ಬಟ್ಟಲಿಗಿಳಿದು ಮಗುವಿನ ತುಟಿಗೆ ಹೋದದ್ದನ್ನು ನಾನು ನೋಡಿದೆ. ಜೇನುತುಪ್ಪ! ಅಳು ಥಟ್ಟನೆ ನಿಂತಿತು. ಆಂಟಿ ಕಣ್ಣು ತೆರೆದರು. ನಕ್ಕರೋ ಅತ್ತರೋ, ಅಜ್ಜಿಯನ್ನು ಅಪ್ಪಿಕೊಂಡರು. ಡೈರಿಯಲ್ಲಿ ಬರೆದೆ: "ಹೆಸರು ಒಂಬತ್ತು, ಅಳು ಎಂಟು, ಜೇನು ಒಂದು." ಯಾರಿಗೂ ಹೇಳಲಿಲ್ಲ.

ಮರುದಿನ ಆಂಟಿ ಅಡುಗೆಮನೆ ಬಾಗಿಲಿಗೆ ಬಂದರು. "ಅಜ್ಜಿ, ಆ ಜೇನು ಇನ್ನೂ ಇದ್ಯಾ? ಇವಳು ಇವತ್ತೂ ಅಳ್ತಿದಾಳೆ."

ಅಜ್ಜಿ ನಗು ತಡೆಯಲಾರದೆ ಒಗ್ಗರಣೆ ಸೀಯಿಸಿದರು.

2001ರಲ್ಲಿ ಆಂಟಿಯವರು ಮನೆ ಬಿಟ್ಟರು. ಮೂರು ಕಾಗದ ಬಂದವು, ಆಮೇಲೆ ಇಲ್ಲ. ಅಜ್ಜಿ ಈಗಿಲ್ಲ, ಕಾಂಪೌಂಡ್ ಕಟ್ಟುವಾಗ ಹೊಂಗೆಯೂ ಹೋಯಿತು. ಐವಿಕಾ ಎಂಬ ಹತ್ತು ವರ್ಷದ ಹುಡುಗಿಯನ್ನು ಬಲ್ಲವರಿದ್ದರೆ ದಯವಿಟ್ಟು ಬರೆಯಿರಿ. ಡೈರಿಯ ಆ ಪುಟ ಅವಳಿಗೆ ಸೇರಬೇಕಾದ್ದು.